ಸಪ್ಪಳಿಲ್ಲದ ಖೋಲಿ

ನಮ್ಮ ಮನೀ ರಿಪೇರಿ ಸುರು ಆಗಿ ತಿಂಗಳಾತು. ಮ್ಯಾಲಿನ ಖೋಲ್ಯಾಗ ಮಗಳು ಓದಲಿಕ್ಕೆ ಕೂತ್ರ ಬಾಜೂ ಮನೀ ಟಿವಿ ಗ್ವಾಡಿ ದಾಟಿ ಬರ್ತದ. "ತತ್ತಿ ಟ್ರೇ ಬಡೀರಿ ಅಕ್ಕಾರ, ಸಪ್ಪಳ ಬಂದ್ ಆಗ್ತದ" ಅಂದ ಗೌಂಡಿ. ಖರೇನೋ ಸುಳ್ಳೋ ಅಂತ ಹುಡಕಲಿಕ್ಕೆ ಹೋದಾಗ ಲಂಡನ್ನಿನ ಜೇನ್ ಕಾರ್ಲೈಲ್ ಸಿಕ್ಕಳು. ಆಕಿ ಕಥಿ ನಿಮಗ ಹೇಳಲೇಬೇಕು.

ಆಕಿ ಗಂಡ ಥಾಮಸ್ ಕಾರ್ಲೈಲ್ ದೊಡ್ಡ ಇತಿಹಾಸಕಾರ. 1834ರಾಗ ಇಬ್ಬರೂ ಲಂಡನ್ನಿನ ಚೆಲ್ಸಿಯಾಕ್ಕ, ಚೇಯ್ನ್ ರೋ ಓಣಿಗೆ ಬಂದ್ರು. ಒಂದಕ್ಕೊಂದು ಹತ್ತಿದ ಮನಿಗೋಳು. ಒಬ್ಬರ ಹುಂಜ, ಇನ್ನೊಬ್ಬರ ಪಿಯಾನೋ. ಆಂವಗ ಬರೀಲಿಕ್ಕೂ ಆಗವಲ್ದು, ಮಲಗಲಿಕ್ಕೂ ಆಗವಲ್ದು. 1853ರಾಗ ಅಟ್ಟದ ಮ್ಯಾಲ ಸಪ್ಪಳಿಲ್ಲದ ಖೋಲಿ ಕಟ್ಟಿಸಲಿಕ್ಕೆ ಹಿಡದ. ಗ್ವಾಡಿ ಎರಡೆರಡು, ನಡುವ ಗಾಳಿಗೆ ಜಾಗ, ಬೆಳಕು ಮಾಳಿಗಿ ಮ್ಯಾಲಿಂದ.

ಬರಿಯೋದು ಆಂವಂದು, ಧೂಳು ಬಳಿಯೋದು ಜೇನ್‌ಳದು! ಒಬ್ಬ ಆಳಂತೂ ಅಟ್ಟದಿಂದ ಛತ್ತು ಒಡಕೊಂಡು ಆಕಿ ಬಾಜೂಕ್ಕೇ ಬಿದ್ದ. ಕೆಲಸಗಾರರ ಕೂಡ ಏಗಿದ್ದಲ್ದ, ಹುಂಜದ ತಕರಾರು ಬಗೀಹರಸಲಿಕ್ಕೂ ಆಕೀನ ಹೋಗಬೇಕಾತು.

ಇಷ್ಟಾಗಿ ಖೋಲಿ ಸಪ್ಪಳಿಲ್ಲದ್ದು ಆಗಲೇ ಇಲ್ಲ. ಹತ್ರದ ಸಪ್ಪಳ ಒಂಚೂರು ಕಡಿಮಿ ಆತು. ದೂರದ ರೈಲಿನ ಸೀಟಿ, ನದ್ಯಾಗಿನ ಹಡಗಿನ ಸೀಟಿ ಮ್ಯಾಲಿಂದ ಇಳದು ಬಂದ್ವು. ಆದ್ರೂ ಅಲ್ಲೇ ಕೂತು ಪ್ರಷ್ಯಾದ ಫ್ರೆಡರಿಕ್ ರಾಜನ ದೊಡ್ಡ ಚರಿತ್ರಿ ಬರದ, 1865ಕ್ಕ ಮುಗೀತು. ಮರುವರ್ಷ ಜೇನ್ ತೀರಿಕೊಂಡಳು. ಪುಸ್ತಕದ ಮ್ಯಾಲ ಆಂವನ ಹೆಸರದ. ಆ ಖೋಲಿ ಕಷ್ಟ ಉಳದದ್ದು ಆಕಿ ಕಾಗದದಾಗ.

ತತ್ತಿ ಟ್ರೇ ಮಾತಿಗೆ ಬರ್ತೀನಿ. 1895ರ ಸುಮಾರು ಹಾರ್ವರ್ಡ್‌ನಾಗ ವ್ಯಾಲೇಸ್ ಸೆಬೈನ್ ಅನ್ನಾಂವ, ದನಿ ಗೊಂಯ್ ಅನ್ನೋ ಹಾಲಿನಾಗ ಕುರ್ಚಿ ಮೆತ್ತಿ ಹೊತ್ತು ತಂದಿಟ್ಟು ಅಳದು ನೋಡಿದ. ಮೆತ್ತಂದು ಒಳಗಿನ ಗೊಂಯ್ ನುಂಗ್ತದ, ಖರೆ. ಆದ್ರ ಬಾಜೂ ಮನಿಯಿಂದ ಬರೋದನ್ನ ತಡೀಬೇಕಂದ್ರ ಭಾರ ಬೇಕು, ಸಂದಿ ಇರಬಾರದು. ನಮ್ಮ ಅಜ್ಜೀ ಮನ್ಯಾಗ ಮೊಳದಗಲ ಮಣ್ಣಿನ ಗ್ವಾಡಿ ಇದ್ವಲ್ಲ, ಅದೇ ಗುಟ್ಟು. ಹಗೂರ ಟ್ರೇ ಏನ್ ತಡೀತಾವ? ಬಾಗಲಾ ಕೆಳಗಿನ ಬೆರಳಗಲ ಸಂದಿ ಬಿಟ್ರ ಎಂಥಾ ಗ್ವಾಡೀನೂ ದಂಡ.

ಹಿಂಗಾಗಿ ಬಾಜೂ ಮನೀ ಕಡೆ ಇನ್ನೊಂದು ಇಟ್ಟಂಗಿ ಗ್ವಾಡಿ ಬಿಟ್ಟು ಕಟ್ಟಸಾಕತ್ತೀವಿ, ಸಂದಿ ಎಲ್ಲಾ ಮುಚ್ಚಸೋದು. ಅತ್ತಿಯವರ ಖೋಲಿ ಕಡೆ ಗ್ವಾಡಿ ಮಾತ್ರ ಮುಟ್ಟಬ್ಯಾಡ ಅಂದೀನಿ. ರಾತ್ರಿ ಅವರು ಕೆಮ್ಮಿದ್ದು, ಕರದದ್ದು ನನಗ ಕೇಳಬೇಕು.