ಚಿಣ್ಣರ ಅಂಗಳ: ಯಾದಗಿರಿ ಸೀಮೆಯ ಬೇಸಿಗೆ ಶಿಬಿರ

ಶಾಲೆಯ ಮೆಟ್ಟಿಲನ್ನೇ ಹತ್ತದ ಅಥವಾ ನಡುವೆ ಶಾಲೆ ಬಿಟ್ಟ ಮಕ್ಕಳನ್ನು ಬೇಸಿಗೆ ರಜೆಯಲ್ಲಿ ಒಂದೆಡೆ ಸೇರಿಸಿ, ಅಕ್ಷರ, ಲೆಕ್ಕ ಮತ್ತು ಶಾಲೆಯ ದಿನಚರಿಗೆ ಅವರನ್ನು ಅಣಿಗೊಳಿಸಿ, ಜೂನ್ ತಿಂಗಳಲ್ಲಿ ವಯಸ್ಸಿಗೆ ತಕ್ಕ ತರಗತಿಗೆ ದಾಖಲಿಸುವ ಸಲುವಾಗಿ ಕರ್ನಾಟಕದ ಶಿಕ್ಷಣ ಇಲಾಖೆಯು 2000ದ ಸುಮಾರಿಗೆ ಆರಂಭಿಸಿ, ಮುಂದೆ ಸರ್ವ ಶಿಕ್ಷಾ ಅಭಿಯಾನದಡಿ ವಿಸ್ತರಿಸಿದ ಶಿಬಿರಗಳಿಗೆ ಚಿಣ್ಣರ ಅಂಗಳವೆಂದು ಹೆಸರು. ಇದರ ಮೂಲ ಅವಧಿ 60 ದಿನ. ಮಕ್ಕಳು ಅಲ್ಲಿಯೇ ಉಳಿಯುವ ವಸತಿ ಶಿಬಿರ ಮತ್ತು ಸಂಜೆಗೆ ಮನೆಗೆ ಮರಳುವ ಶಿಬಿರ ಎಂಬ ಎರಡು ಬಗೆಗಳು ಇದರಲ್ಲಿದ್ದವು. ಶಾಲೆಗೆ ಬರುತ್ತಿರುವ ಮಕ್ಕಳಿಗೆ ಹಿಂದಿನ ವರ್ಷದ ಪಾಠವನ್ನು ನೆನಪಿಸಲು ಜೂನ್ ಆರಂಭದಲ್ಲಿ ನಡೆಸುವ ಸೇತುಬಂಧವು ಇದಕ್ಕಿಂತ ಬೇರೆಯಾದುದು.

ಈ ಬಗೆಯ ಶಿಬಿರದ ಅಗತ್ಯ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಎಷ್ಟು ತೀವ್ರವಾಗಿತ್ತೆಂಬುದನ್ನು 2011ರ ಜನಗಣತಿ ತೋರಿಸುತ್ತದೆ: ಗುಲ್ಬರ್ಗಾದಿಂದ (ಈಗಿನ ಕಲಬುರಗಿ) ಆಗಷ್ಟೇ ಬೇರ್ಪಟ್ಟಿದ್ದ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83 ಇದ್ದು ರಾಜ್ಯದಲ್ಲಿಯೇ ಕೊನೆಯ ಸ್ಥಾನದಲ್ಲಿತ್ತು. ಮಹಿಳೆಯರಲ್ಲಿ ಅದು ಶೇ 41.38 ಮಾತ್ರ. ಜಿಲ್ಲಾ ಕೇಂದ್ರಕ್ಕೆ ಸಮೀಪದ ಮುದನಾಳದಂಥ ಊರಿನ ಮಗುವಿಗೂ ದೂರದ ತಾಂಡಾ, ದೊಡ್ಡಿಗಳ ಮಗುವಿಗೂ ಶಾಲೆ ತಪ್ಪಲು ಕಾರಣಗಳು ಬಹುಮಟ್ಟಿಗೆ ಒಂದೇ. ಹತ್ತಿ ಬಿಡಿಸುವ ಕಾಲ ಬಂದರೆ ಹುಡುಗಿಯರು ಹೊಲಕ್ಕೆ ಹೋಗುತ್ತಾರೆ. ಸುಗ್ಗಿ ಮುಗಿದು ಕೂಲಿ ಬತ್ತಿದಾಗ ಕುಟುಂಬಗಳು ಬೆಂಗಳೂರು, ಪುಣೆ, ಮುಂಬಯಿಯ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ, ಜೊತೆಗೆ ಹೋದ ಮಗು ತಮ್ಮ ತಂಗಿಯರನ್ನು ಎತ್ತಿಕೊಂಡು ಟೆಂಟಿನ ಕಾವಲಿಗೆ ನಿಲ್ಲುತ್ತದೆ. ಒಂದು ವರ್ಷ ತಪ್ಪಿಸಿಕೊಂಡ ಮಗುವಿಗೆ ಮರುವರ್ಷ ತನಗಿಂತ ಚಿಕ್ಕವರ ಸಾಲಿನಲ್ಲಿ ಕೂರುವುದು ನಾಚಿಕೆಯಾಗುವುದರಿಂದ, ಶಾಲೆ ಅಲ್ಲಿಗೇ ನಿಂತುಹೋಗುತ್ತದೆ. ಈ ನಾಚಿಕೆಯನ್ನು ಕಳೆಯುವುದೇ ಶಿಬಿರದ ಮೊದಲ ಕೆಲಸವಾಗಿತ್ತು.

ದಿನಚರಿಯನ್ನು ಇಲ್ಲಿ ನಿರ್ಧರಿಸುವುದು ಬಿಸಿಲು. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದರಿಂದ ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಗಳೇ ಬೆಳಗಿನ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯುವ ರೂಢಿಯಿದೆ. ವಸತಿ ಶಿಬಿರದಲ್ಲಿಯೂ ಪಾಠವೆಂಬುದು ಹೊತ್ತು ಏರುವ ಮುನ್ನ ಮುಗಿಯಬೇಕಾದ ಕೆಲಸ. ಬೆಳಕು ಹರಿಯುವ ಹೊತ್ತಿಗೆ ಎದ್ದು ಚಾಪೆ ಸುತ್ತಿಟ್ಟು, ಸರದಿಯಂತೆ ನೀರು ತುಂಬಿ, ಸ್ನಾನ ಮುಗಿಸಿ, ಉಗುರು, ತಲೆಗೂದಲುಗಳ ತಪಾಸಣೆಯಾದ ಮೇಲೆ ಮಕ್ಕಳು ಪ್ರಾರ್ಥನೆಗೆ ಸಾಲು ನಿಲ್ಲುತ್ತಾರೆ. ಉಪ್ಪಿಟ್ಟು ಅಥವಾ ಸುಸಲಾ ತಿಂದು ಪಾಠಕ್ಕೆ ಕುಳಿತರೆ, ಬಿಸಿಲು ನೆತ್ತಿಗೇರುವವರೆಗೆ ಓದು, ಬರಹ, ಲೆಕ್ಕ. ಊಟದ ನಂತರ ನೆರಳಿನಲ್ಲಿ ಕತೆ, ಚಿತ್ರ, ಮಣ್ಣಿನ ಗೊಂಬೆ. ಹೊತ್ತಿಳಿದ ಮೇಲೆ ಲಗೋರಿ, ಚಿಣಿಫಣಿ, ಖೋಖೋ. ಗಂಟೆ ಬಾರಿಸಿದಾಗ ಆಟ ಬಿಟ್ಟು ಬರುವುದು, ತನ್ನ ತಟ್ಟೆಯನ್ನು ತಾನೇ ತೊಳೆಯುವುದು, ಬೇರೆ ಜಾತಿಯ ಮಗುವಿನ ಪಕ್ಕದಲ್ಲಿ ಕುಳಿತು ಉಣ್ಣುವುದು ಇವೆಲ್ಲ ಪಠ್ಯದಷ್ಟೇ ಮುಖ್ಯವಾದ ಕಲಿಕೆಯೆಂದು ಪರಿಗಣಿಸಬೇಕು.

ಬೋಧನೆಯ ವಿಷಯದಲ್ಲಿ ಒಂದು ಸಂಗತಿಯನ್ನು ವಿವರವಾಗಿ ಹೇಳುವುದು ಅವಶ್ಯ. ಕುರಿ ಕಾಯುವ ಹತ್ತು ವರ್ಷದ ಹುಡುಗನು ಸಂಜೆ ಹಟ್ಟಿಗೆ ಮರಳುವ ಕುರಿಗಳಲ್ಲಿ ಒಂದು ಕಡಿಮೆಯಿದ್ದರೂ ಕಂಡುಹಿಡಿಯಬಲ್ಲ, ಹತ್ತಿ ಬಿಡಿಸಿದ ಹುಡುಗಿಯು ಕಿಲೋಗೆ ಇಷ್ಟರಂತೆ ತನಗೆ ಬರಬೇಕಾದ ಕೂಲಿಯನ್ನು ಬಾಯಲ್ಲೇ ಕೂಡಿಸಬಲ್ಲಳು. ಆದರೆ ಸ್ಲೇಟಿನ ಮೇಲೆ 37 ಬರೆದು 8 ಕಳೆಯೆಂದರೆ ಇಬ್ಬರೂ ಕೈಕಟ್ಟಿ ಕೂರುತ್ತಾರೆ. ಬಲ್ಲ ಶಿಕ್ಷಕನು ಅಂಥವರಿಗೆ ಒಂದನೆಯ ತರಗತಿಯ ಪಾಠವನ್ನು ಮೊದಲಿನಿಂದ ಓದಿಸದೆ, ಅವರು ಬಾಯಲ್ಲಿ ಮಾಡುವ ಲೆಕ್ಕವನ್ನೇ ಅಂಕಿಗೆ ಇಳಿಸುತ್ತಾನೆ: ಹುಣಸೆ ಬೀಜಗಳನ್ನು ಹತ್ತರ ಗುಂಪುಗಳಾಗಿ ಜೋಡಿಸಿ, ಗುಂಪುಗಳನ್ನು ಎಡಕ್ಕೂ ಬಿಡಿ ಬೀಜಗಳನ್ನು ಬಲಕ್ಕೂ ಇಟ್ಟರೆ ಸ್ಥಾನಬೆಲೆ ಕಣ್ಣಿಗೆ ಕಾಣುತ್ತದೆ. ವಯಸ್ಸಿನಲ್ಲಿ ದೊಡ್ಡವರಾದ ಮಕ್ಕಳು ಎರಡು ತಿಂಗಳಲ್ಲಿ ಹಲವು ಹಂತಗಳನ್ನು ದಾಟಬಲ್ಲರೆಂಬ ನಂಬಿಕೆಗೆ ಆಧಾರ ಇದೇ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ, ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕಾ ಏಣಿಯನ್ನು ಹತ್ತುವ ನಲಿ-ಕಲಿ ಪದ್ಧತಿಯ ಹಿಂದೆಯೂ ಇದೇ ವಿಚಾರವಿದೆ.

ಭಾಷೆಯ ತೊಡಕು ಇನ್ನೊಂದು. ತಾಂಡಾದ ಮಗು ಮನೆಯಲ್ಲಿ ಲಂಬಾಣಿಯನ್ನೂ, ಮುಸ್ಲಿಂ ಓಣಿಯ ಮಗು ದಖ್ಖನಿ ಉರ್ದುವನ್ನೂ, ತೆಲಂಗಾಣದ ಗಡಿಗೆ ತಾಗಿದ ಗುರುಮಠಕಲ್ ಭಾಗದ ಮಗು ಹಲವೊಮ್ಮೆ ತೆಲುಗನ್ನೂ ಆಡುತ್ತದೆ. ಪುಸ್ತಕದ ಕನ್ನಡವಂತೂ ಕನ್ನಡದ ಮನೆಯ ಮಗುವಿಗೂ ಹೊಸದೇ. ರಾತ್ರಿಯ ಹಾಡು, ಕೋಲಾಟ, ಲಂಬಾಣಿ ಕುಣಿತಗಳಲ್ಲಿ ಈ ಮಾತುಗಳೆಲ್ಲ ಒಂದರೊಳಗೊಂದು ಬೆರೆಯುತ್ತವೆ. ಮಗುವಿನ ಮನೆಮಾತಿಗೆ ಅಂಗಳದಲ್ಲಿ ಜಾಗ ಸಿಕ್ಕಲ್ಲಿ ಅದರ ಕನ್ನಡ ಬೇಗ ಬಲಿಯುತ್ತದೆ, ಮನೆಮಾತನ್ನು ಗದರಿಸಿ ಅಡಗಿಸಿದಲ್ಲಿ ಮಗು ಮಾತನ್ನೇ ಬಿಡುತ್ತದೆ.

ಮಕ್ಕಳಿಗಾಗಿ ಬೇಸಿಗೆ ಶಿಬಿರ ನಡೆಸುವ ಪರಿಪಾಟಕ್ಕೆ ಹೊರಗೂ ಹಳೆಯ ನಿದರ್ಶನಗಳಿವೆ. ಅಮೆರಿಕದಲ್ಲಿ 1861ರಲ್ಲಿ ಫ್ರೆಡರಿಕ್ ಗನ್ ಎಂಬ ಶಿಕ್ಷಕ ತನ್ನ ಶಾಲೆಯ ಹುಡುಗರೊಂದಿಗೆ ಹೂಡಿದ ಬಿಡಾರವನ್ನು ಇಂಥ ಶಿಬಿರಗಳಲ್ಲಿ ಮೊದಲನೆಯದೆಂದು ಎಣಿಸುತ್ತಾರೆ. 1902ರಲ್ಲಿ ಆರಂಭವಾದ ಸರ್‌ಪ್ರೈಸ್ ಲೇಕ್ ಶಿಬಿರವು ನ್ಯೂಯಾರ್ಕಿನ ಇಕ್ಕಟ್ಟಿನ ಬೀದಿಗಳಲ್ಲಿ ಬೆಳೆಯುತ್ತಿದ್ದ ಯಹೂದಿ ವಲಸಿಗರ ಹುಡುಗರಿಗೆ ಗಾಳಿ, ಅನ್ನ, ಆಟಗಳನ್ನು ಒದಗಿಸಿತು. 1947ರಿಂದ ನಡೆದುಬಂದಿರುವ ರಾಮಾ ಶಿಬಿರಗಳಲ್ಲಿ ಹೀಬ್ರೂ ಭಾಷೆ, ಬೆಳಗಿನ ಪ್ರಾರ್ಥನೆ, ಧರ್ಮವಿಧಿಗೆ ಒಪ್ಪುವ ಕೋಷರ್ ಆಹಾರ ಮತ್ತು ಶುಕ್ರವಾರದ ಸೂರ್ಯಾಸ್ತದಿಂದ ಆರಂಭವಾಗುವ ಸಬ್ಬತ್ ಎಂಬ ವಿಶ್ರಾಂತಿ ದಿನದ ಆಚರಣೆಗಳು ದಿನಚರಿಯ ಭಾಗವಾಗಿವೆ. ಅಲ್ಲಿ ಉದ್ದೇಶ ಸಮುದಾಯದ ಪರಂಪರೆಯನ್ನು ಉಳಿಸುವುದು, ಇಲ್ಲಿ ಮಗುವನ್ನು ದುಡಿಮೆಯಿಂದ ಬಿಡಿಸುವುದು. ಜೊತೆಗೂಡಿ ಕಳೆದ ದಿನವೇ ಪಾಠವಾಗುವ ಬಗೆ ಮಾತ್ರ ಎರಡೂ ಕಡೆ ಸಮಾನ. ಚಿಣ್ಣರ ಅಂಗಳಕ್ಕೆ ಇನ್ನೂ ಹತ್ತಿರದ್ದು ಎಂ.ವಿ. ಫೌಂಡೇಶನ್ನಿನ ಕೆಲಸ: 1991ರಿಂದ ಅದು ಆಗಿನ ಆಂಧ್ರದ ರಂಗಾರೆಡ್ಡಿ ಜಿಲ್ಲೆಯಲ್ಲಿ ದುಡಿಯುವ ಮಕ್ಕಳಿಗಾಗಿ ಶಿಬಿರಗಳನ್ನು ನಡೆಸಿತು, ಅದರ ನೇತೃತ್ವ ವಹಿಸಿದ್ದ ಶಾಂತಾ ಸಿನ್ಹಾ ಅವರಿಗೆ 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು.

ಅರವತ್ತು ದಿನಗಳ ಮಿತಿಯೂ ಬೇಗನೆ ಎದ್ದುಕಂಡಿತು. ಜೂನ್‌ನಲ್ಲಿ ದಾಖಲಾದ ಮಗು ದೀಪಾವಳಿಯ ನಂತರ ಹೆತ್ತವರೊಂದಿಗೆ ಮತ್ತೆ ಗುಳೆ ಹೋದರೆ ಶಿಬಿರದ ಶ್ರಮವೆಲ್ಲ ಕರಗಿಹೋಗುತ್ತದೆ. ಆದ್ದರಿಂದ ದೀರ್ಘಾವಧಿಯ ಸೇತುಶಿಕ್ಷಣ ಮತ್ತು ಗುಳೆ ಹೋಗುವವರ ಮಕ್ಕಳನ್ನು ಊರಿನಲ್ಲಿಯೇ ಇರಿಸಿಕೊಳ್ಳುವ ಋತುಮಾನ ವಸತಿನಿಲಯಗಳು ಅಗತ್ಯವಾದವು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ವಯಸ್ಸಿಗೆ ತಕ್ಕ ತರಗತಿಗೆ ಸೇರುವುದನ್ನೂ ಅದಕ್ಕೆ ಬೇಕಾದ ವಿಶೇಷ ತರಬೇತಿಯನ್ನೂ ಮಗುವಿನ ಹಕ್ಕೆಂದೇ ಸಾರಿತು. ಈಚಿನ ವರ್ಷಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಾದ ಅರಿವು ಕೇಂದ್ರಗಳು ಬೇಸಿಗೆ ಶಿಬಿರಗಳನ್ನು ನಡೆಸುತ್ತಿವೆ. ಬರಗಾಲದ 2024ರ ರಜೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ 41 ದಿನ ಬಿಸಿಯೂಟವನ್ನು ಮುಂದುವರಿಸಲಾಯಿತು.