ಕಾಸರಗೋಡು–ಮಂಗಳೂರು ಪ್ಯಾಸೆಂಜರ್ ರೈಲು: ಮನವಿ ಯಾರಿಗೆ?

ಆಸ್ಪತ್ರೆ, ಕಾಲೇಜು, ಕೆಲಸ ಎಂದು ಮಂಗಳೂರಿಗೆ ಹೋಗಿಬರುವ ಕಾಸರಗೋಡಿನ ಕನ್ನಡಿಗರಾದ ನಮಗೆ ಪ್ಯಾಸೆಂಜರ್ ರೈಲೇ ಆಸರೆ. 1907ರಲ್ಲಿ ಮಂಗಳೂರು ತಲುಪಿದ ಈ ಹಳಿಯಲ್ಲಿ ಕಾಸರಗೋಡಿಗೆ ಸುಮಾರು 46 ಕಿ.ಮೀ. ದೂರ. ಉಳ್ಳಾಲ, ಮಂಜೇಶ್ವರ, ಉಪ್ಪಳ, ಕುಂಬಳೆ ದಾರಿಯಲ್ಲಿ ಸಿಗುವ ಮುಖ್ಯ ನಿಲ್ದಾಣಗಳು.

1956ರ ನವೆಂಬರ್ 1ರಂದು ಉಳ್ಳಾಲ ಮತ್ತು ಮಂಜೇಶ್ವರದ ನಡುವೆ ರಾಜ್ಯದ ಗಡಿ ಬಂತು. ರೈಲ್ವೆ ಆಡಳಿತ ಮಾತ್ರ ಗಡಿಯಲ್ಲಿ ಬದಲಾಗುವುದಿಲ್ಲ. ಮಂಗಳೂರು ಸೆಂಟ್ರಲ್ ಸೇರಿದಂತೆ ಇಡೀ ದಾರಿ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ್ದು. ಹಾಸನದ ಕಡೆಯ ಮಾರ್ಗ ನೈರುತ್ಯ ರೈಲ್ವೆಯ ಮೈಸೂರು ವಿಭಾಗದ್ದು. ತೋಕೂರಿನಿಂದ ಉತ್ತರಕ್ಕೆ ಕೊಂಕಣ ರೈಲ್ವೆ. ಆದ್ದರಿಂದ ನಮ್ಮ ರೈಲಿನ ಸಮಯ, ನಿಲುಗಡೆ, ಬೋಗಿಗಳ ಬಗ್ಗೆ ಬರೆಯುವ ಮನವಿ ಪಾಲಕ್ಕಾಡಿನ ವಿಭಾಗೀಯ ರೈಲ್ವೆ ವ್ಯವಸ್ಥಾಪಕರ ಹೆಸರಿಗೆ ಹೋಗಬೇಕು.

ಕೊರೊನಾ ಕಾಲದಲ್ಲಿ ನಿಂತ ಪ್ಯಾಸೆಂಜರ್ ರೈಲುಗಳು ಮರಳಿದಾಗ ಕನಿಷ್ಠ ಟಿಕೆಟ್ ದರ 10 ರೂಪಾಯಿಯಿಂದ 30ಕ್ಕೆ ಏರಿತ್ತು. 2024ರ ಫೆಬ್ರವರಿಯಲ್ಲಿ ಮತ್ತೆ 10ಕ್ಕೆ ಇಳಿಯಿತು.

ವಿದ್ಯಾರ್ಥಿಗಳ ಮನೆಯವರು ಗಮನಿಸಬೇಕಾದ ಮಾತೊಂದಿದೆ: ಪದವಿಯವರೆಗೆ ಹುಡುಗಿಯರಿಗೆ, 12ನೇ ತರಗತಿಯವರೆಗೆ ಹುಡುಗರಿಗೆ ಮನೆಯಿಂದ ಶಾಲೆ-ಕಾಲೇಜಿಗೆ ಎರಡನೇ ದರ್ಜೆಯ ಮಾಸಿಕ ಸೀಸನ್ ಟಿಕೆಟ್ ಉಚಿತ. ಅದಕ್ಕೆ ಶಾಲೆ ಅಥವಾ ಕಾಲೇಜಿನ ಪ್ರಮಾಣಪತ್ರ ಬೇಕು.