ಗೋವೆಯ ಧರ್ಮವಿಚಾರಣೆ

ಗೋವೆಯಲ್ಲಿ 1560ರಲ್ಲಿ ಪೋರ್ಚುಗೀಸರು ಸ್ಥಾಪಿಸಿದ ‘ಇನ್‌ಕ್ವಿಸಿಶನ್’ ಎಂಬ ಧರ್ಮವಿಚಾರಣೆಯ ನ್ಯಾಯಸ್ಥಾನ, 1774ರಿಂದ ನಾಲ್ಕು ವರ್ಷ ನಿಂತಿದ್ದುದನ್ನು ಬಿಟ್ಟರೆ, 1812ರವರೆಗೂ ನಡೆಯಿತು. ಹಿಂದೂಗಳೂ ಅದರ ಕೈಗೆ ಸಿಕ್ಕಿದ್ದುಂಟು. ಆದರೆ ಬಹುವಾಗಿ ನರಳಿದವರು ಹೊಸದಾಗಿ ಕ್ರೈಸ್ತರಾದವರೇ. ಮತ ಬದಲಾದೊಡನೆ ಮನೆಯ ವಾಡಿಕೆಯೂ ಬದಲಾದೀತೆ? 1736ರ ಆಜ್ಞೆಯೊಂದು ಇಂಥವರು ಮನೆಯಲ್ಲಿ ತುಳಸಿ ಬೆಳೆಸುವುದನ್ನೂ, ಹಿಂದೂಗಳಂತೆ ಉಪ್ಪು ಹಾಕದೆ ಅನ್ನ ಬೇಯಿಸುವುದನ್ನೂ ನಿಷೇಧಿಸಿತು. ಅನ್ನದ ಪಾತ್ರೆಯೊಳಕ್ಕೂ ಇಣುಕುವ ಅಧಿಕಾರವಿದು!

ತೀರ್ಪು ಕೊಡುವವರು ಪಾದ್ರಿಗಳು. ಮರಣದಂಡನೆಯಾದರೆ ಮಾತ್ರ ಅಪರಾಧಿಯನ್ನು ಸರ್ಕಾರಕ್ಕೆ ಒಪ್ಪಿಸಿಬಿಡುತ್ತಿದ್ದರು; ಸುಡುವ ಕೆಲಸ ಸರ್ಕಾರದ್ದು. ಹೀಗೆ ಒಬ್ಬರ ಪಾಪ ಇನ್ನೊಬ್ಬರ ತಲೆಗೆ. ಫ್ರೆಂಚ್ ವೈದ್ಯ ಡೆಲ್ಲೋನ್ ತಾನೇ ಕ್ಯಾಥೊಲಿಕನಾಗಿದ್ದರೂ ಈ ಸೆರೆಮನೆಯಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ಬಿಡುಗಡೆಯಾದ ಮೇಲೆ 1687ರಲ್ಲಿ ಅವನು ಪ್ರಕಟಿಸಿದ ಪುಸ್ತಕದಿಂದ ಒಳಗಿನ ಸಂಗತಿ ಯೂರೋಪಿಗೆ ತಿಳಿಯಿತು.

1684ರಲ್ಲಿ ವೈಸರಾಯ್ ಇನ್ನೊಂದು ಆಜ್ಞೆ ಹೊರಡಿಸಿದ: ಮೂರು ವರ್ಷದೊಳಗೆ ಜನ ಕೊಂಕಣಿ ಬಿಟ್ಟು ಪೋರ್ಚುಗೀಸ್ ಆಡಬೇಕು. ಆ ಕಾಲದಲ್ಲಿ ಗೋವೆ ಬಿಟ್ಟು ನಮ್ಮ ಕರಾವಳಿಗೆ ಬಂದವರಲ್ಲಿ ಹಿಂದೂಗಳಿದ್ದರು, ಕ್ರೈಸ್ತರೂ ಇದ್ದರು. ಕೆಳದಿ ನಾಯಕರ ಸೀಮೆ ಇಬ್ಬರಿಗೂ ನೆಲೆ ಕೊಟ್ಟಿತು. ಮಂಗಳೂರಿನ ಕಡೆ ಆ ಎರಡೂ ಬಗೆಯ ಮನೆಗಳಲ್ಲಿ ಇಂದಿಗೂ ಆಡುಮಾತು ಕೊಂಕಣಿ.